ಕರೋಸೆಲ್ ಇಡುವ ಮುಂಚೆ: ಕೀಬೋರ್ಡ್, ಸ್ಕ್ರೀನ್ ರೀಡರ್ ಬಳಸುವವರಿಗೆ ಯಾವ ಬಗೆ ಒಗ್ಗುತ್ತದೆ?

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಜಾಲತಾಣ ಕಟ್ಟಿಕೊಡುತ್ತಿದ್ದೆ. ಹೋಮ್ ಪೇಜಿನ ಮೇಲ್ಗಡೆ ಐದು ಸ್ಲೈಡ್‌ಗಳ ಕರೋಸೆಲ್ ಇತ್ತು, ಅಂದರೆ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಬದಲಾಗುವ ಬ್ಯಾನರ್. ಪ್ರವೇಶದ ಪ್ರಕಟಣೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆ ದಿನ, ರ‍್ಯಾಂಕ್ ಬಂದವರು, ವಾರ್ಷಿಕೋತ್ಸವದ ಫೋಟೊ, ಪ್ರಾಂಶುಪಾಲರ ಮಾತು. ಆರು ಸೆಕೆಂಡಿಗೊಮ್ಮೆ ತಾನೇ ತಿರುಗುತ್ತಿತ್ತು. ಕೀಬೋರ್ಡ್ ಫೋಕಸ್ (ಕೀ ಒತ್ತಿದರೆ ಪುಟದ ಯಾವ ಅಂಶಕ್ಕೆ ತಾಗುತ್ತದೋ ಆ ಗುರುತು) ಒಳಗೆ ಬಂದ ಕೂಡಲೇ ನಿಲ್ಲುವ ಹಾಗೆ ಬರೆದಿದ್ದೆ. ಇಷ್ಟು ಮಾಡಿದರೆ ಸಾಕು ಅಂತ ನಂಬಿದ್ದೆ.

ಕಣ್ಣು ಕಾಣದ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಟ ತೆರೆದೆ. ಅವನು ಎನ್‌ವಿಡಿಎ ಬಳಸುತ್ತಾನೆ, ಅದು ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಒಂದು ಸ್ಕ್ರೀನ್ ರೀಡರ್ ತಂತ್ರಾಂಶ. ಕೆಳಗಿನ ಬಾಣದ ಕೀ ಒತ್ತುತ್ತಾ ಒಂದೊಂದೇ ಸಾಲು ಕೇಳುತ್ತಾ ಬಂದ. ವಿದ್ಯಾರ್ಥಿವೇತನದ ಸ್ಲೈಡ್ ಅರ್ಧ ಓದಿತ್ತು. ಇನ್ನೊಂದು ಸಲ ಬಾಣ ಒತ್ತಿದರೆ ರ‍್ಯಾಂಕ್ ಬಂದವರ ಹೆಸರು ಶುರುವಾಯಿತು. "ಏನೋ ಇದು, ಕೊನೆ ದಿನ ಹೇಳ್ತಾ ಇತ್ತು, ಎಲ್ಲಿಗೆ ಹೋಯ್ತು?" ಅಂದ. ಮತ್ತೆ ಮೇಲಕ್ಕೆ ಹೋಗಿ ಹುಡುಕಿದ. ಅಲ್ಲಿ ಅದು ಇರಲಿಲ್ಲ.

ಫೋಕಸ್ ಬಂದರೆ ನಿಲ್ಲಬೇಕಿತ್ತು, ಯಾಕೆ ನಿಲ್ಲಲಿಲ್ಲ? ಸ್ಕ್ರೀನ್ ರೀಡರ್‌ಗೆ ಓದುವ ಕರ್ಸರ್ ಬೇರೆ, ಕೀಬೋರ್ಡ್ ಫೋಕಸ್ ಬೇರೆ. ಬ್ರೌಸ್ ಮೋಡಿನಲ್ಲಿ, ಅಂದರೆ ಪುಟವನ್ನು ಓದಲೆಂದೇ ಇರುವ ಸ್ಥಿತಿಯಲ್ಲಿ, ಬಾಣದ ಕೀಯಿಂದ ಸಾಲು ಸಾಲಾಗಿ ಓದುವಾಗ ಬರೀ ಪಠ್ಯದ ಮೇಲೆ ಫೋಕಸ್ ಕೂರುವುದೇ ಇಲ್ಲ. ಹಾಗಾಗಿ ಯಾರೋ ಓದುತ್ತಿದ್ದಾರೆ ಅನ್ನುವುದು ನನ್ನ ಕೋಡಿಗೆ ಗೊತ್ತೇ ಆಗಲಿಲ್ಲ. ಕರೋಸೆಲ್ ತನ್ನ ಪಾಡಿಗೆ ತಿರುಗಿತು.

ಅವತ್ತಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಕರೋಸೆಲ್ ಹೇಗೆ ಸರಿಮಾಡುವುದು ಅಂತ ಯೋಚಿಸುವ ಮುಂಚೆ ಯಾವ ಬಗೆ ಬೇಕು ಅಂತ ಕೇಳಿಕೊಳ್ಳುತ್ತೇನೆ. ಒಂದು ಬಗೆ ಎಷ್ಟು ಜಾಸ್ತಿ ಮುಚ್ಚಿಡುತ್ತದೋ, ಅದಕ್ಕೆ ಅಷ್ಟು ಜಾಸ್ತಿ ತೇಪೆ ಹಾಕಬೇಕಾಗುತ್ತದೆ. ಅದೇ ಐದು ಸ್ಲೈಡ್‌ಗಳನ್ನು ಮುಂದಿಟ್ಟುಕೊಂಡು ಒಂದೊಂದು ದಾರಿಯನ್ನೂ ನೋಡೋಣ.

ಆತುರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಓದಲೇಬೇಕಾದ ವಿಷಯವಾದರೆ ಕರೋಸೆಲ್ ಬೇಡ, ನೇರವಾಗಿ ಪುಟದ ಮೇಲೆ ಇಡಿ. ಒಂದೇ ಬಗೆಯ ತುಂಬಾ ವಸ್ತುಗಳಿದ್ದರೆ (ಪುಸ್ತಕ, ಸೀರೆ, ಫೋಟೊ) ಅಡ್ಡಕ್ಕೆ ಸರಿಯುವ ಸಾಲು ಇಡಿ. ಒಂದು ಸಲಕ್ಕೆ ಒಂದೇ ದೊಡ್ಡ ಚಿತ್ರ ಕಾಣಬೇಕು ಅಂತಿದ್ದರೆ ಹಿಂದೆ-ಮುಂದೆ ಬಟನ್ ಇರುವ ಕರೋಸೆಲ್ ಸಾಕು. ಪ್ರತಿ ಸ್ಲೈಡಿಗೂ ಒಂದು ಅರ್ಥವಿರುವ ಹೆಸರಿದ್ದರೆ ಟ್ಯಾಬ್ ಬಗೆ. ತಾನೇ ತಿರುಗುವುದನ್ನು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ನಿಲ್ಲಿಸುವ ಬಟನ್ ಜೊತೆಗೆ ಕೊಡಿ.

ಕರೋಸೆಲ್ ಇಲ್ಲದ ದಾರಿ

ಐದು ವಿಷಯಗಳಲ್ಲಿ ಎರಡು ಮಾತ್ರ ವಿದ್ಯಾರ್ಥಿಗಳಿಗೆ ತುರ್ತಾಗಿ ಬೇಕಾದವು: ಪ್ರವೇಶ ಮತ್ತು ವಿದ್ಯಾರ್ಥಿವೇತನ. ಅವನ್ನು ಎರಡು ತಲೆಬರಹ, ಎರಡು ಲಿಂಕ್ ಮಾಡಿ ಮೇಲೆ ಇಟ್ಟರೆ ಆಯಿತು. ಉಳಿದ ಮೂರು ಕೆಳಗೆ ಕಾರ್ಡ್‌ಗಳಾಗಿ ಕೂರಲಿ. ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀ ಒತ್ತಿ ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾರೆ. ಕೀಬೋರ್ಡ್ ಬಳಸುವವರು ಟ್ಯಾಬ್ ಒತ್ತಿದರೆ ಲಿಂಕ್ ಸಿಗುತ್ತದೆ. ಪುಟವನ್ನು ಹಿಗ್ಗಿಸಿ ಓದುವವರಿಗೂ ಇದೇ ಸಲೀಸು. ಬೇರೆ ಸ್ಕ್ರಿಪ್ಟ್ ಏನೂ ಬೇಕಿಲ್ಲ, ಕೆಡುವುದಕ್ಕೂ ಏನಿಲ್ಲ.

ಇದಕ್ಕೆ ಕಾಲೇಜಿನವರು ಒಪ್ಪುವುದು ಸ್ವಲ್ಪ ಕಷ್ಟ. ಎಲ್ಲ ವಿಭಾಗಕ್ಕೂ ಮೇಲೆ ಜಾಗ ಬೇಕು, ಅದಕ್ಕೇ ಅಲ್ವಾ ಕರೋಸೆಲ್ ಹುಟ್ಟಿದ್ದು! ಅಂಥ ಹೊತ್ತಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. 2013ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಎರಿಕ್ ರನ್ಯನ್ ತಮ್ಮ ಹೋಮ್ ಪೇಜಿನ ಕರೋಸೆಲ್ ಎಷ್ಟು ಜನ ಬಳಸುತ್ತಾರೆ ಅಂತ ಅಳೆದು ಹೇಳಿದರು. ಪುಟಕ್ಕೆ ಬಂದವರಲ್ಲಿ ಅದರ ಮೇಲೆ ಕ್ಲಿಕ್ ಮಾಡಿದವರು ಸುಮಾರು 1% ಮಾತ್ರ. ಆ ಕ್ಲಿಕ್‌ಗಳಲ್ಲೂ ಮುಕ್ಕಾಲಿಗಿಂತ ಜಾಸ್ತಿ ಮೊದಲ ಸ್ಲೈಡಿಗೇ ಬಿದ್ದಿದ್ದವು. ಅದು ಒಂದು ಜಾಲತಾಣದ ಲೆಕ್ಕ, ಎಲ್ಲರಿಗೂ ಹಾಗೇ ಅಂತಲ್ಲ. ಆದರೆ ನಾಲ್ಕನೇ ಸ್ಲೈಡಿನಲ್ಲಿ ಜಾಗ ಸಿಕ್ಕ ವಿಭಾಗದವರಿಗೆ ನಿಜಕ್ಕೂ ಏನು ಸಿಕ್ಕಿತು ಅನ್ನುವ ಪ್ರಶ್ನೆ ಏಳುತ್ತದೆ. ಈ ಮಾತಿನಿಂದ ಸಭೆಯ ದಿಕ್ಕು ಬದಲಾಗಿದ್ದನ್ನು ನಾನು ಕಂಡಿದ್ದೇನೆ.

ಅಡ್ಡಕ್ಕೆ ಸರಿಯುವ ಸಾಲು

ವಾರ್ಷಿಕೋತ್ಸವದ ಹದಿನೈದು ಫೋಟೊ ಇವೆ ಅಂದುಕೊಳ್ಳಿ. ಎಲ್ಲವನ್ನೂ ಕೆಳಗೆ ಕೆಳಗೆ ಜೋಡಿಸಿದರೆ ಪುಟ ಉದ್ದವಾಗುತ್ತದೆ. ಇಲ್ಲಿ ನನಗೆ ಇಷ್ಟವಾದ ದಾರಿ, ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಸ್ಕ್ರಾಲ್ ಸ್ನ್ಯಾಪ್. ಒಂದು ಪಟ್ಟಿ ಅಡ್ಡಕ್ಕೆ ಹರಡಿರುತ್ತದೆ. ಬೆರಳಿನಿಂದಲೋ ಬಾಣದ ಕೀಯಿಂದಲೋ ಸರಿಸಿದರೆ ಒಂದೊಂದು ಕಾರ್ಡು ತನ್ನ ಜಾಗದಲ್ಲಿ ಬಂದು ನಿಲ್ಲುತ್ತದೆ.

ಇದರ ದೊಡ್ಡ ಗುಣ ಅಂದರೆ ಇಲ್ಲಿ ಯಾವುದೂ ಮುಚ್ಚಿಟ್ಟಿಲ್ಲ. ಸ್ಕ್ರೀನ್ ರೀಡರ್‌ಗೆ ಇದು ಹದಿನೈದು ಅಂಶಗಳ ಸಾಮಾನ್ಯ ಪಟ್ಟಿ. ಟ್ಯಾಬ್ ಒತ್ತುತ್ತಾ ಹೋದರೆ ಫೋಕಸ್ ಬಂದ ಕಾರ್ಡನ್ನು ಬ್ರೌಸರ್ ತಾನೇ ಎಳೆದು ಕಣ್ಣೆದುರು ತರುತ್ತದೆ. ಹೀಗಾಗಿ ಇಲ್ಲಿ ತಪ್ಪು ಮಾಡುವ ಅವಕಾಶವೇ ಕಡಿಮೆ.

ಆದರೂ ಮೂರ‍್ನಾಲ್ಕು ಕಡೆ ಗಮನ ಬೇಕು. ಕಾರ್ಡುಗಳಲ್ಲಿ ಲಿಂಕ್ ಇಲ್ಲದೆ ಬರೀ ಚಿತ್ರಗಳಿದ್ದರೆ ಟ್ಯಾಬ್ ಕೀಗೆ ನಿಲ್ಲಲು ಜಾಗವಿರುವುದಿಲ್ಲ. ಸರಿಯುವ ಡಬ್ಬಕ್ಕೆ ತಾನೇ ಫೋಕಸ್ ಕೊಡುವುದರಲ್ಲಿ ಎಲ್ಲ ಬ್ರೌಸರ್‌ಗಳೂ ಒಂದೇ ತರಹ ಇಲ್ಲ. ಆದ್ದರಿಂದ ಆ ಡಬ್ಬಕ್ಕೆ ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಡಿ (ಆಗ ಟ್ಯಾಬ್ ಕೀ ಅಲ್ಲಿ ನಿಲ್ಲುತ್ತದೆ), ರೀಜನ್ ಅನ್ನುವ ರೋಲ್ ಕೊಡಿ (ರೋಲ್ ಅಂದರೆ ಇದು ಏನು ಅಂತ ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು), "ವಾರ್ಷಿಕೋತ್ಸವದ ಫೋಟೊಗಳು" ಅಂತ ಒಂದು ಲೇಬಲ್ ಕೊಡಿ. ಪಟ್ಟಿಯ ಚುಕ್ಕಿಗಳನ್ನು ಸಿಎಸ್‌ಎಸ್‌ನಲ್ಲಿ ತೆಗೆದರೆ ಸಫಾರಿಯಲ್ಲಿ ಆಪಲ್‌ನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಅದನ್ನು ಪಟ್ಟಿ ಅಂತ ಹೇಳುವುದನ್ನೇ ಬಿಡಬಹುದು, ಅದಕ್ಕೆ ಲಿಸ್ಟ್ ರೋಲ್ ಬಿಡಿಸಿ ಬರೆಯಬೇಕು. ಸ್ಕ್ರಾಲ್‌ಬಾರ್ ಮುಚ್ಚಬೇಡಿ. ಕೊನೆಯ ಕಾರ್ಡು ಅರ್ಧ ಕಾಣುವ ಹಾಗೆ ಬಿಟ್ಟರೆ ಇನ್ನೂ ಇದೆ ಅಂತ ನೋಡುವವರಿಗೂ ಗೊತ್ತಾಗುತ್ತದೆ. ಸ್ನ್ಯಾಪ್ ಎಷ್ಟು ಬಿಗಿ ಇರಬೇಕು ಅನ್ನುವಲ್ಲಿ ಮ್ಯಾಂಡೇಟರಿ (ಸದಾ ಎಳೆದು ನಿಲ್ಲಿಸುವುದು) ಬದಲು ಪ್ರಾಕ್ಸಿಮಿಟಿ (ಹತ್ತಿರ ಬಂದಾಗ ಮಾತ್ರ ನಿಲ್ಲಿಸುವುದು) ಇಡಿ. ಪುಟ ಹಿಗ್ಗಿಸಿ ನೋಡುವವರಿಗೆ ಕಾರ್ಡಿನ ಅಂಚು ಕೈಗೆ ಸಿಗದೆ ಜಾರಿಹೋಗುವುದು ತಪ್ಪುತ್ತದೆ.

2025ರಲ್ಲಿ ಕ್ರೋಮ್ 135ರ ಜೊತೆ ಬರೀ ಸಿಎಸ್‌ಎಸ್‌ನಿಂದಲೇ ಬಟನ್, ಚುಕ್ಕಿಗಳನ್ನು ಹುಟ್ಟಿಸುವ ಸೌಲಭ್ಯ ಬಂತು. ಎಲ್ಲ ಬ್ರೌಸರ್‌ಗಳಿಗೂ ಅದು ಬರುವವರೆಗೆ ಅದನ್ನೇ ನೆಚ್ಚಿಕೊಳ್ಳಬೇಡಿ ಅನ್ನುತ್ತೇನೆ.

ಹಿಂದೆ-ಮುಂದೆ ಬಟನ್ ಇರುವ ಕರೋಸೆಲ್

ಕೆಲವೊಮ್ಮೆ ಒಂದು ಸಲಕ್ಕೆ ಒಂದೇ ಸ್ಲೈಡ್ ಕಾಣಬೇಕು. ಆಗ ಉಳಿದ ನಾಲ್ಕನ್ನು ಮುಚ್ಚಿಡಬೇಕು. ತೊಂದರೆಗಳೆಲ್ಲ ಈ ಮುಚ್ಚಿಡುವ ರೀತಿಯಲ್ಲೇ ಇವೆ.

ಸ್ಲೈಡನ್ನು ಪರದೆಯಾಚೆ ತಳ್ಳಿದರೆ ಅಥವಾ ಒಪಾಸಿಟಿ ಸೊನ್ನೆ ಮಾಡಿ ಪೂರ್ತಿ ಪಾರದರ್ಶಕ ಮಾಡಿದರೆ ಕಣ್ಣಿಗಷ್ಟೇ ಅದು ಮರೆಯಾಗುತ್ತದೆ. ಅದರೊಳಗಿನ ಲಿಂಕ್‌ಗಳು ಹಾಗೇ ಇರುತ್ತವೆ. ಕೀಬೋರ್ಡ್ ಬಳಸುವವರು ಟ್ಯಾಬ್ ಒತ್ತುತ್ತಾರೆ, ಫೋಕಸ್ ಎಲ್ಲೋ ಕಾಣದ ಲಿಂಕಿನ ಮೇಲೆ ಕೂರುತ್ತದೆ. ನಾಲ್ಕು ಸಲ, ಐದು ಸಲ ಒತ್ತಿದರೂ ಪರದೆಯಲ್ಲಿ ಏನೂ ಕಾಣುವುದಿಲ್ಲ. ಕೈ ನಡುಗುವ ಕಾರಣಕ್ಕೆ ಮೌಸ್ ಹಿಡಿಯಲಾಗದವರು, ಕೀ ಒಂದೊಂದನ್ನೂ ಕಷ್ಟಪಟ್ಟು ಒತ್ತುವವರು ಇದನ್ನು ಅನುಭವಿಸುವುದನ್ನು ಒಮ್ಮೆ ನೋಡಿದರೆ ಮರೆಯಲಾಗದು. ಇನ್ನು ಕೆಲವರು ಮುಚ್ಚಿದ ಸ್ಲೈಡಿಗೆ ಏರಿಯಾ-ಹಿಡನ್ (ಸ್ಕ್ರೀನ್ ರೀಡರ್‌ಗೆ ಮಾತ್ರ ಮರೆಮಾಡುವ ಗುರುತು) ಒಂದನ್ನೇ ಹಾಕಿ ಬಿಡುತ್ತಾರೆ. ಅದು ಇನ್ನೊಂದು ಬಗೆಯ ತಪ್ಪು. ಸ್ಕ್ರೀನ್ ರೀಡರ್‌ಗೆ ಸ್ಲೈಡ್ ಇಲ್ಲ ಅಂತ ಹೇಳಿದಿರಿ, ಆದರೆ ಟ್ಯಾಬ್ ಒತ್ತಿದರೆ ಫೋಕಸ್ ಅಲ್ಲಿಗೇ ಹೋಗುತ್ತದೆ. ಬಳಸುವವರು ನಿಂತಿದ್ದಾರೆ, ಎಲ್ಲಿ ಅಂತ ಅವರಿಗೆ ಯಾರೂ ಹೇಳುವುದಿಲ್ಲ.

ಮುಚ್ಚುವುದಾದರೆ ಪೂರ್ತಿ ಮುಚ್ಚಿ. ಡಿಸ್‌ಪ್ಲೇ ನನ್ ಅಥವಾ ವಿಸಿಬಿಲಿಟಿ ಹಿಡನ್ ಸಾಕು. ಸರಿಯುವ ಅನಿಮೇಷನ್ ಬೇಕೇ ಬೇಕು ಅನ್ನುವವರಿಗೆ ಇನರ್ಟ್ ಅನ್ನುವ ಗುಣ ಇದೆ. ಅದು ಫೋಕಸ್, ಕ್ಲಿಕ್, ಸ್ಕ್ರೀನ್ ರೀಡರ್ ಮೂರಕ್ಕೂ ಒಟ್ಟಿಗೆ ಬಾಗಿಲು ಹಾಕುತ್ತದೆ. 2023ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದು ಇದೆ.

ಬಟನ್‌ಗಳು ನಿಜವಾದ ಬಟನ್ ಟ್ಯಾಗ್‌ಗಳೇ ಆಗಿರಲಿ. ಬಾಣದ ಚಿತ್ರ ಅಂಟಿಸಿದ ಡಿವ್ (ಬರೀ ಡಬ್ಬ) ಕೀಬೋರ್ಡಿಗೆ ಸಿಗುವುದಿಲ್ಲ. ಕೋಡಿನಲ್ಲಿ ಅವು ಸ್ಲೈಡ್‌ಗಳಿಗಿಂತ ಮುಂಚೆ ಬರಲಿ. ಆಗ "ಮುಂದಿನ ಸ್ಲೈಡ್" ಒತ್ತಿ ಕೆಳಗಿನ ಬಾಣ ಒತ್ತಿದರೆ ಹೊಸ ಸ್ಲೈಡ್ ಅಲ್ಲೇ ಸಿಗುತ್ತದೆ, ಹಿಂದಕ್ಕೆ ಹೋಗಿ ಹುಡುಕಬೇಕಿಲ್ಲ. ಬಟನ್ ಒತ್ತಿದಾಗ ಫೋಕಸನ್ನು ಎತ್ತಿ ಸ್ಲೈಡಿಗೆ ಒಯ್ಯಬೇಡಿ, ಇನ್ನೊಮ್ಮೆ ಮುಂದೆ ಹೋಗಬೇಕು ಅಂದವರು ಮತ್ತೆ ವಾಪಸ್ ಬರಬೇಕಾಗುತ್ತದೆ. ಕೊನೆಯ ಸ್ಲೈಡ್ ಬಂದಾಗ "ಮುಂದೆ" ಬಟನ್ನನ್ನು ಡಿಸೇಬಲ್ ಮಾಡುವವರು ಒಂದು ವಿಷಯ ನೋಡಿಕೊಳ್ಳಿ: ಫೋಕಸ್ ಇರುವ ಬಟನ್ ಡಿಸೇಬಲ್ ಆದರೆ ಫೋಕಸ್ ಕಳೆದುಹೋಗಬಹುದು. ಏರಿಯಾ-ಡಿಸೇಬಲ್ಡ್ ಬಳಸಿ, ಅಥವಾ ಮೊದಲ ಸ್ಲೈಡಿಗೆ ಸುತ್ತಿ ಬರುವಂತೆ ಮಾಡಿ.

ಇಡೀ ಕರೋಸೆಲ್ ಒಂದು ರೀಜನ್ ಅಥವಾ ಗ್ರೂಪ್ ಆಗಿರಲಿ, ಪ್ರತಿ ಸ್ಲೈಡ್ ಒಂದು ಗ್ರೂಪ್. ಏರಿಯಾ-ರೋಲ್‌ಡಿಸ್ಕ್ರಿಪ್ಷನ್‌ನಲ್ಲಿ "ಕರೋಸೆಲ್", "ಸ್ಲೈಡ್" ಅಂತ ಬರೆಯಬಹುದು. ಹಾಗೆ ಬರೆದ ಮೇಲೆ ಲೇಬಲ್‌ನಲ್ಲಿ ಮತ್ತೆ ಕರೋಸೆಲ್ ಅಂತ ಸೇರಿಸಬೇಡಿ, ಎರಡೆರಡು ಸಲ ಕೇಳಿಸುತ್ತದೆ. ವೆಬ್ಬಿನ ಮಾನದಂಡ ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಏರಿಯಾ ಮಾರ್ಗದರ್ಶಿ ಹೇಳುವುದೂ ಇದನ್ನೇ. ಸ್ಲೈಡ್‌ಗಳ ಹೊದಿಕೆಗೆ ಏರಿಯಾ-ಲೈವ್ ಪೊಲೈಟ್ ಕೊಟ್ಟರೆ ಬಟನ್ ಒತ್ತಿದ ಮೇಲೆ ಹೊಸ ಸ್ಲೈಡ್ ತಾನೇ ಕೇಳಿಸುತ್ತದೆ. ಸ್ಲೈಡಿನಲ್ಲಿ ಪಠ್ಯ ಜಾಸ್ತಿ ಇದ್ದರೆ ಅದೆಲ್ಲ ಓದಿ ಮುಗಿಯುವವರೆಗೆ ಕಾಯುವುದು ಬೇಸರ. ಅಂಥ ಕಡೆ ನಾನು "5ರಲ್ಲಿ 3, ರ‍್ಯಾಂಕ್ ಬಂದವರು" ಅನ್ನುವ ಒಂದು ಪುಟ್ಟ ಸಾಲನ್ನು ಮಾತ್ರ ಕೇಳಿಸುತ್ತೇನೆ.

ಫೋನಿನ ಮಾತನ್ನೂ ಇಲ್ಲೇ ಹೇಳಬೇಕು. ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್) ಆನ್ ಇದ್ದಾಗ ಒಂದು ಬೆರಳನ್ನು ಪಕ್ಕಕ್ಕೆ ಎಳೆದರೆ ಪುಟದ ಮುಂದಿನ ಅಂಶಕ್ಕೆ ಹೋಗುತ್ತದೆ, ನಿಮ್ಮ ಸ್ಲೈಡ್ ಸರಿಯುವುದಿಲ್ಲ. ಮೊಬೈಲಿನಲ್ಲಿ ಬಟನ್ ಬೇಡ, ಬೆರಳಲ್ಲೇ ಸರಿಸುತ್ತಾರೆ ಅಂತ ಬಟನ್ ತೆಗೆದುಬಿಟ್ಟ ಪುಟಗಳು ಎಷ್ಟೋ ಇವೆ. ಆ ಬಟನ್‌ಗಳನ್ನು ದಯವಿಟ್ಟು ಉಳಿಸಿ.

ಟ್ಯಾಬ್ ಬಗೆ

ಸ್ಲೈಡಿನ ಕೆಳಗೆ ಸಾಲಾಗಿ ಚುಕ್ಕಿಗಳಿರುತ್ತವಲ್ಲ, ಅವುಗಳ ಒಳ್ಳೆಯ ರೂಪ ಇದು. ಚುಕ್ಕಿಯ ಬದಲು "ಪ್ರವೇಶ", "ವಿದ್ಯಾರ್ಥಿವೇತನ", "ರ‍್ಯಾಂಕ್" ಅಂತ ಹೆಸರೇ ಕಾಣಬೇಕು. ಒಳಗೆ ಟ್ಯಾಬ್‌ಲಿಸ್ಟ್, ಟ್ಯಾಬ್, ಟ್ಯಾಬ್‌ಪ್ಯಾನೆಲ್ ರೋಲ್‌ಗಳು. ಟ್ಯಾಬ್ ಕೀಗೆ ಇಡೀ ಸಾಲು ಒಂದೇ ನಿಲ್ದಾಣ. ಒಳಗೆ ಎಡ-ಬಲ ಬಾಣ, ಮೊದಲಿಗೆ ಹೋಮ್, ಕೊನೆಗೆ ಎಂಡ್ ಕೀ.

ಬಟನ್ ಬಗೆಗಿಂತ ಇದು ಎಲ್ಲಿ ಮೇಲು? ನಾಲ್ಕನೇ ಸ್ಲೈಡ್ ಬೇಕಾದವರು ಮೂರು ಸ್ಲೈಡ್ ದಾಟಬೇಕಿಲ್ಲ. ಹೆಸರು ಕೇಳಿಯೇ ಬೇಕೋ ಬೇಡವೋ ಗೊತ್ತಾಗುತ್ತದೆ. ಕಾಲೇಜಿನ ಐದು ವಿಷಯಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಹದಿನೈದು ಫೋಟೊಗಳಿಗೆ ಹೊಂದುವುದಿಲ್ಲ. "ಫೋಟೊ 1, ಫೋಟೊ 2" ಅನ್ನುವ ಹೆಸರಿನಿಂದ ಯಾರಿಗೂ ಏನೂ ಸಿಗುವುದಿಲ್ಲ. ಬಾಣದ ಕೀಗಳನ್ನು ನೀವೇ ಬರೆಯಬೇಕು ಅನ್ನುವುದೂ ನೆನಪಿರಲಿ. ಟ್ಯಾಬ್ ರೋಲ್ ಹಾಕಿ ಬಾಣದ ಕೀ ಬರೆಯದೆ ಬಿಟ್ಟರೆ, ಸ್ಕ್ರೀನ್ ರೀಡರ್ ಹೇಳಿದ್ದನ್ನು ನಂಬಿ ಬಾಣ ಒತ್ತಿದವರಿಗೆ ಮೋಸ ಮಾಡಿದ ಹಾಗೆ.

ಚುಕ್ಕಿಗಳನ್ನೇ ಇಡುವುದಾದರೆ ಒಂದೊಂದೂ ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಇರಲಿ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 (ಜಾಲತಾಣ ಎಲ್ಲರಿಗೂ ಎಟುಕುವಂತೆ ಮಾಡುವ ನಿಯಮಾವಳಿ) ಈ ಅಳತೆ ಹೇಳುತ್ತದೆ. ಹಿನ್ನೆಲೆಯ ಜೊತೆ ಅದರ ಬಣ್ಣದ ವ್ಯತ್ಯಾಸ 3:1 ಆದರೂ ಇರಬೇಕು. ಫೋಟೊ ಮೇಲೆ ಬಿಳಿ ಚುಕ್ಕಿ ಇಟ್ಟರೆ ಆಕಾಶದ ಚಿತ್ರ ಬಂದಾಗ ಅದು ಕರಗಿಹೋಗುತ್ತದೆ.

ತಾನೇ ತಿರುಗುವುದು

ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಆದರೂ ಕೇಳುವವರು ಇದ್ದೇ ಇರುತ್ತಾರೆ. ಮಾಡಲೇಬೇಕಾದರೆ ಹೀಗೆ.

ಡಬ್ಲ್ಯುಸಿಎಜಿಯ 2.2.2ನೇ ನಿಯಮ ಕನಿಷ್ಠ ಮಟ್ಟದ ನಿಯಮ, ಅಂದರೆ ಎ ಮಟ್ಟದ್ದು. ತಾನಾಗಿ ಶುರುವಾಗಿ, 5 ಸೆಕೆಂಡಿಗಿಂತ ಜಾಸ್ತಿ ಹೊತ್ತು ಚಲಿಸುತ್ತಾ, ಪುಟದ ಬೇರೆ ವಿಷಯದ ಪಕ್ಕದಲ್ಲೇ ಇರುವ ಯಾವುದನ್ನೇ ಆಗಲಿ ನಿಲ್ಲಿಸುವ ಇಲ್ಲವೇ ಮರೆಮಾಡುವ ದಾರಿ ಬಳಸುವವರ ಕೈಯಲ್ಲಿರಬೇಕು. ಮೌಸ್ ಮೇಲೆ ಬಂದಾಗ ನಿಲ್ಲುತ್ತದೆ ಅನ್ನುವುದು ಇದಕ್ಕೆ ಉತ್ತರವಲ್ಲ. ಕೀಬೋರ್ಡ್ ಬಳಸುವವರ ಹತ್ತಿರ ಮೌಸ್ ಇಲ್ಲ, ಫೋನಿನಲ್ಲೂ ಇಲ್ಲ.

ಫೋಕಸ್ ಬಂದಾಗ ನಿಲ್ಲುವುದೂ ಸಾಲದು ಅನ್ನುವುದನ್ನು ನನಗೆ ಗೆಳೆಯನ ಬಾಣದ ಕೀ ಕಲಿಸಿತು. ಆದ್ದರಿಂದ "ತಿರುಗುವುದನ್ನು ನಿಲ್ಲಿಸಿ" ಅನ್ನುವ ಬಟನ್ ಕರೋಸೆಲ್‌ನ ಮೊಟ್ಟಮೊದಲ ಅಂಶವಾಗಿರಬೇಕು. ಸ್ಲೈಡಿಗೆ ಹೋಗುವ ಮುಂಚೆಯೇ ಕೈಗೆ ಸಿಗಬೇಕು. ಒತ್ತಿದ ಮೇಲೆ ಅದರ ಹೆಸರು "ತಿರುಗಿಸಿ" ಅಂತ ಬದಲಾಗಬೇಕು. ಫೋಕಸ್ ಒಳಗೆ ಬಂದಾಗ ನಿಂತದ್ದು, ಫೋಕಸ್ ಹೊರಗೆ ಹೋಯಿತು ಅಂತ ಮತ್ತೆ ತಾನೇ ಶುರುವಾಗಬಾರದು. ತಿರುಗುತ್ತಿರುವಷ್ಟು ಹೊತ್ತು ಏರಿಯಾ-ಲೈವ್ ಆಫ್ ಆಗಿರಬೇಕು. ಇಲ್ಲದಿದ್ದರೆ ಪುಟದ ಕೆಳಗೆ ಶುಲ್ಕದ ಪಟ್ಟಿ ಓದುತ್ತಿರುವವರ ಮಧ್ಯೆ ಆರು ಸೆಕೆಂಡಿಗೊಮ್ಮೆ ಬ್ಯಾನರ್ ಬಾಯಿ ಹಾಕುತ್ತದೆ. ಫೋನ್ ಅಥವಾ ಕಂಪ್ಯೂಟರ್ ಸೆಟಿಂಗ್‌ನಲ್ಲಿ ಚಲನೆ ಕಡಿಮೆ ಬೇಕು ಅಂತ ಆರಿಸಿಕೊಂಡವರಿಗೆ ತಿರುಗುವುದು ಶುರುವಾಗಲೇಬಾರದು. ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಅನ್ನುವ ಮೀಡಿಯಾ ಕ್ವೆರಿ ಅದಕ್ಕೇ ಇದೆ. ತಲೆಸುತ್ತು ಬರುವವರಿಗೆ ಇದು ದೊಡ್ಡ ಉಪಕಾರ.

ಇಷ್ಟನ್ನೂ ಬರೆದು, ಪರೀಕ್ಷಿಸಿ, ಮುಂದೆ ಕಾಪಾಡಿಕೊಂಡು ಹೋಗುವ ಖರ್ಚನ್ನು ಎರಡು ತಲೆಬರಹ, ಎರಡು ಲಿಂಕಿನ ಖರ್ಚಿನ ಪಕ್ಕ ಇಟ್ಟು ನೋಡಿ.

ಸಿದ್ಧ ಲೈಬ್ರರಿಗಳು

ಬೂಟ್‌ಸ್ಟ್ರ್ಯಾಪ್ (ಪುಟ ಕಟ್ಟಲು ಬಳಸುವ ಸಿದ್ಧ ಕೋಡು) ತನ್ನ ಕೈಪಿಡಿಯಲ್ಲೇ ಕರೋಸೆಲ್‌ಗಳು ಬಳಕೆಗೂ, ಎಲ್ಲರಿಗೂ ಎಟುಕುವುದಕ್ಕೂ ತೊಡಕಾಗಬಹುದು ಅಂತ ಬರೆದುಕೊಂಡಿದೆ. ಮಾಡಿದವರೇ ಹಾಗೆ ಹೇಳಿದ ಮೇಲೆ ಆ ಮಾತಿಗೆ ಬೆಲೆ ಕೊಡಬೇಕು. ಸ್ವೈಪರ್, ಸ್ಪ್ಲೈಡ್ ಅನ್ನುವ ಕರೋಸೆಲ್ ಲೈಬ್ರರಿಗಳು ಎರಡರಲ್ಲೂ ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಲೇಬಲ್ ಬರೆಯುವ ಆಯ್ಕೆಗಳಿವೆ. ಆಯ್ಕೆ ಇದೆ ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ಲೈಬ್ರರಿ ಆದರೂ ಮೂರು ನೋಡಿ: ಮುಚ್ಚಿದ ಸ್ಲೈಡಿನ ಲಿಂಕ್‌ಗೆ ಟ್ಯಾಬ್ ಹೋಗುತ್ತದಾ, ನಿಲ್ಲಿಸುವ ಬಟನ್ ಇದೆಯಾ, ಕೊನೆಯಿಂದ ಮೊದಲಿಗೆ ಸುತ್ತುವುದಕ್ಕೆ ಸ್ಲೈಡ್‌ಗಳ ನಕಲು ಮಾಡುತ್ತದಾ. ನಕಲು ಮಾಡಿದರೆ ಒಂದೇ ಪ್ರಕಟಣೆ ಎರಡು ಸಲ ಕೇಳಿಸುವ ಅಪಾಯ ಇದೆ. ಸುತ್ತುವ ಆಯ್ಕೆಯನ್ನು ಆಫ್ ಮಾಡಿದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ.

ಕನ್ನಡ ಪುಟಕ್ಕೆ ಬೇಕಾದ ಎಚ್ಚರ

ಪುಟ ಪೂರ್ತಿ ಕನ್ನಡ, ಆದರೆ ಲೈಬ್ರರಿ ಕೊಟ್ಟ ಬಟನ್ ಲೇಬಲ್ "ನೆಕ್ಸ್ಟ್ ಸ್ಲೈಡ್" ಅಂತ ಇಂಗ್ಲಿಷಿನಲ್ಲೇ ಉಳಿದಿರುತ್ತದೆ. ಕಣ್ಣಿಗೆ ಬಾಣದ ಗುರುತು ಮಾತ್ರ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೇಳುವವರಿಗೆ ಮಾತ್ರ ಗೊತ್ತಾಗುತ್ತದೆ. ಸ್ವೈಪರ್‌ನಲ್ಲಿ ಈ ಸಂದೇಶಗಳನ್ನು ಬದಲಿಸಬಹುದು, ಸ್ಪ್ಲೈಡ್‌ನಲ್ಲೂ ಬದಲಿಸಬಹುದು. ಹತ್ತು ನಿಮಿಷದ ಕೆಲಸ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಹೇಳುವುದನ್ನೂ ಮರೆಯಬೇಡಿ. ಎನ್‌ವಿಡಿಎ ಜೊತೆ ಬರುವ ಧ್ವನಿ ತಂತ್ರಾಂಶ ಇಸ್ಪೀಕ್ ಎನ್‌ಜಿಗೆ ಕನ್ನಡ ಬರುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಧ್ವನಿಗೂ ಬರುತ್ತದೆ. ಯಾವ ಭಾಷೆ ಅಂತ ನಾವು ಹೇಳಬೇಕು ಅಷ್ಟೇ.

ನಮ್ಮ ಕಡೆಯ ಇನ್ನೊಂದು ದೊಡ್ಡ ತೊಂದರೆ, ಬ್ಯಾನರಿನ ಎಲ್ಲ ಅಕ್ಷರಗಳೂ ಚಿತ್ರದೊಳಗೆ ಇರುವುದು. ಡಿಸೈನ್ ಮಾಡಿದವರು ಪೋಸ್ಟರ್ ಕಳಿಸುತ್ತಾರೆ, ಅದೇ ಸ್ಲೈಡ್ ಆಗುತ್ತದೆ. ಚಿತ್ರಕ್ಕೆ ಬದಲಿ ಪಠ್ಯ (ಚಿತ್ರ ಕಾಣದವರಿಗೆ ಓದಿ ಹೇಳುವ ವಿವರಣೆ) ಕೇಳಿದರೆ "ಬ್ಯಾನರ್ 2" ಅಂತ ಬರೆದಿರುತ್ತದೆ. ಅರ್ಜಿಯ ದಿನಾಂಕ, ಫೋನ್ ನಂಬರು, ಅರ್ಹತೆ ಎಲ್ಲ ಚಿತ್ರದಲ್ಲಿ ಹೂತುಹೋಗಿರುತ್ತದೆ. ಕೆಲವರು ಪೋಸ್ಟರಿನ ಪಠ್ಯವನ್ನು ನಕಲು ಮಾಡಿ ಪುಟಕ್ಕೆ ಹಾಕುತ್ತಾರೆ, ಆದರೆ ಅದು ಯೂನಿಕೋಡ್‌ಗಿಂತ ಹಿಂದಿನ ನುಡಿ ಇಲ್ಲವೇ ಬರಹ ಫಾಂಟಿನಲ್ಲಿ ಇರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಸ್ಕ್ರೀನ್ ರೀಡರ್‌ಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇದು ಸರಿಹೋಗದೆ ಮೇಲೆ ಹೇಳಿದ ಯಾವ ಬಗೆ ಆರಿಸಿದರೂ ಫಲವಿಲ್ಲ.

ಇದೆಲ್ಲ ಬರೀ ಒಳ್ಳೆಯ ಮನಸ್ಸಿನ ಕೆಲಸ ಅಂತ ಯಾರಾದರೂ ತಳ್ಳಿಹಾಕಿದರೆ ಕಾನೂನನ್ನೂ ನೆನಪಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ಜಾಲತಾಣಗಳಿಗೆ 2023ರಲ್ಲಿ ಬಂದ ಜಿಐಜಿಡಬ್ಲ್ಯು 3.0 ಮಾರ್ಗಸೂಚಿ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಕೈಗೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿದೆ.

ಆರಿಸಿದ ಮೇಲೆ ಪರೀಕ್ಷೆ

ಮೌಸ್ ಕಿತ್ತಿಡಿ. ಟ್ಯಾಬ್, ಶಿಫ್ಟ್-ಟ್ಯಾಬ್, ಎಂಟರ್, ಸ್ಪೇಸ್, ಬಾಣ ಇಷ್ಟರಲ್ಲೇ ಪ್ರತಿ ಸ್ಲೈಡಿಗೂ ಹೋಗಿ ಬನ್ನಿ. ಫೋಕಸ್ ಎಲ್ಲಿದೆ ಅಂತ ಒಂದು ಕ್ಷಣವೂ ಗೊಂದಲವಾಗಬಾರದು. ಆಮೇಲೆ ಎನ್‌ವಿಡಿಎ ಹಾಕಿಕೊಳ್ಳಿ, ಅದು ಉಚಿತ. ಪರದೆ ಆಫ್ ಮಾಡಿ, ಕೆಳಗಿನ ಬಾಣ ಒತ್ತುತ್ತಾ ನಿಧಾನವಾಗಿ ಓದಿಸಿ. ಬೇಗ ಬೇಗ ಒತ್ತಿದರೆ ತಿರುಗುವ ತೊಂದರೆ ಸಿಗುವುದಿಲ್ಲ, ಒಂದು ಸಾಲು ಕೇಳಿ ಹತ್ತು ಸೆಕೆಂಡು ಸುಮ್ನೆ ಕಾಯಿರಿ. ಫೋನಿನಲ್ಲಿ ಟಾಕ್‌ಬ್ಯಾಕ್ ಜೊತೆ ಇನ್ನೊಮ್ಮೆ. ಕೊನೆಗೆ ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು ಕೂರಿಸಿ, ಅವರ ಸಮಯಕ್ಕೆ ಹಣ ಕೊಟ್ಟು ಕೇಳಿ. ನಾವು ಕಲಿತು ಬಳಸುವ ರೀತಿ ಬೇರೆ, ಅವರು ಬದುಕಿ ಬಳಸುವ ರೀತಿ ಬೇರೆ.

ಕಾಲೇಜಿನ ಪುಟದಲ್ಲಿ ಕೊನೆಗೆ ಪ್ರವೇಶ, ವಿದ್ಯಾರ್ಥಿವೇತನ ಎರಡೂ ಮೇಲೆ ನಿಂತ ತಲೆಬರಹಗಳಾದವು. ರ‍್ಯಾಂಕ್ ಮತ್ತು ಪ್ರಾಂಶುಪಾಲರ ಮಾತು ಕಾರ್ಡುಗಳಾದವು. ಫೋಟೊಗಳಿಗೆ ಅಡ್ಡ ಸಾಲು ಬಂತು. ಗೆಳೆಯ ಮತ್ತೆ ಬಂದು ಕೂತ. ಎಚ್ ಕೀ ಎರಡು ಸಲ ಒತ್ತಿದ, ವಿದ್ಯಾರ್ಥಿವೇತನ ಸಿಕ್ಕಿತು. ಕೆಳಗಿನ ಬಾಣ ಒತ್ತಿ ದಿನಾಂಕವನ್ನು ಪೂರ್ತಿ ಕೇಳಿದ. ಫೋಟೊ ಸಾಲಿಗೆ ಹೋಗಿ, ಎಂಟನೇ ಫೋಟೊಗೆ ಬದಲಿ ಪಠ್ಯ ಇಲ್ಲ ನೋಡು ಅಂದ. ಅದನ್ನು ಅವತ್ತೇ ಬರೆದು ಸೇರಿಸಿದೆ.